ಕೊಯ್ಯದೆ ಕಾದ ದಿನಗಳು



ಕೈ ಬಿಡುವಾಗಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಬಲಗಡೆಯ ಸೊಂಟದ ಮೇಲೆ ಕೈಯಿಡಿ. ಮುಂಭಾಗದಲ್ಲಿ ಮೂಳೆಯ ಒಂದು ಮೊನೆ ಬೆರಳಿಗೆ ಸಿಗುತ್ತದೆ. ಅಲ್ಲಿಂದ ಹೊಕ್ಕುಳಿಗೆ ಒಂದು ದಾರ ಎಳೆದಿದ್ದೇವೆ ಎಂದುಕೊಳ್ಳಿ. ಆ ದಾರವನ್ನು ಮೂರು ಸಮಪಾಲು ಮಾಡಿ. ಮೂಳೆಯ ಕಡೆಯಿಂದ ಒಂದು ಪಾಲು ಮುಗಿಯುವಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿ. ನೋವಿಲ್ಲ ತಾನೆ? ಸರಿ. ಹಾಗಾದರೆ ನೆಮ್ಮದಿಯಾಗಿ ಕೂತು ನನ್ನ ಮಾತು ಕೇಳಬಹುದು.

ನೀವು ಬೆರಳಿಟ್ಟ ಜಾಗಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಹೆಸರಿದೆ. ಮೆಕ್‌ಬರ್ನಿ ಬಿಂದು. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಇದನ್ನು ಗುರುತಿಸಿ ಬರೆದರು. ಅಪೆಂಡಿಕ್ಸ್ ಊದಿಕೊಂಡಾಗ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ನೋಯುವ ಜಾಗ ಇದು.

ಈ ಅಪೆಂಡಿಕ್ಸ್ ಎನ್ನುವುದು ಏನು? ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಮೂಲೆಯಲ್ಲಿ ಜೋತುಬಿದ್ದಿರುವ ಒಂದು ಕೊಳವೆ. ಹೆಚ್ಚುಕಡಿಮೆ ಕಿರುಬೆರಳಿನಷ್ಟು. ಒಂದು ತುದಿ ಕರುಳಿಗೆ ತೆರೆದಿದೆ. ಇನ್ನೊಂದು ತುದಿ ಮುಚ್ಚಿದೆ. ಪುಸ್ತಕದ ಕನ್ನಡದಲ್ಲಿ ಇದು ಕರುಳುಬಾಲ. ಆದರೆ ಆಸ್ಪತ್ರೆಗೆ ಬರುವವರು ಯಾರೂ ಹಾಗೆನ್ನುವುದಿಲ್ಲ. ‘ನಮ್ಮ ಹುಡುಗನಿಗೆ ಅಪೆಂಡಿಕ್ಸ್ ಆಗಿದೆ’ ಎನ್ನುತ್ತಾರೆ. ಹುಟ್ಟಿದಾಗಿನಿಂದ ಎಲ್ಲರ ಹೊಟ್ಟೆಯಲ್ಲೂ ಇರುವ ಅಂಗದ ಹೆಸರೇ ಕಾಯಿಲೆಯ ಹೆಸರಾಗಿದೆ. ಇದನ್ನು ತಿದ್ದಲು ಹೋಗಿ ನಾನು ಮೂವತ್ತು ವರ್ಷ ಸೋತಿದ್ದೇನೆ. ಈಗ ನಾನೂ ಹಾಗೇ ಹೇಳುತ್ತೇನೆ.

ಅಪೆಂಡಿಕ್ಸ್ ಆದರೆ ಆಪರೇಷನ್. ಇದು ಜನ ಬಲ್ಲ ಮಾತು. ನಾವು ಕಲಿತದ್ದೂ ಅದೇ. ಆದರೆ ರೋಗಿಗೆ ಅದೇ ವೇಳೆಗೆ ಒಬ್ಬರಿಂದ ಒಬ್ಬರಿಗೆ ಹರಡುವ ವೈರಸ್ ಜ್ವರವೂ ಇದ್ದರೆ? ಆಗ ಕೊಯ್ಯಬೇಕೆ, ಕಾಯಬೇಕೆ? ಇವತ್ತಿನ ಮಾತು ಇಷ್ಟೇ.

2020ರ ಜೂನ್ ಮೊದಲ ವಾರ. ನಾನಾಗ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿದ್ದೆ. ಮುಂಬೈನಲ್ಲಿ ಹೊಟೇಲು ಕೆಲಸ ಮಾಡುತ್ತಿದ್ದ ನಮ್ಮ ಕಡೆಯ ಹುಡುಗರು ಗುಂಪುಗುಂಪಾಗಿ ಊರಿಗೆ ಮರಳುತ್ತಿದ್ದ ದಿನಗಳು. ಅವರನ್ನು ಮೊದಲು ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡುತ್ತಿದ್ದರು. ಹಾಗೆ ಬಂದವನೊಬ್ಬನಿಗೆ ಹೊಟ್ಟೆನೋವು ಶುರುವಾಯಿತು. ಇಪ್ಪತ್ತಮೂರು ವರ್ಷ. ಮೊದಲು ಹೊಕ್ಕುಳ ಸುತ್ತ ನೋವು. ಊಟ ಬೇಡವೆನಿಸಿತು. ಒಂದು ಸಲ ವಾಂತಿ. ಮಾರನೆಯ ದಿನ ನೋವು ಹೊಕ್ಕುಳು ಬಿಟ್ಟು ಬಲಕ್ಕೆ, ಕೆಳಕ್ಕೆ ಇಳಿಯಿತು. ನೋವು ಹೀಗೆ ಜಾಗ ಬದಲಿಸಿತೆಂದು ರೋಗಿ ಹೇಳಿದ ಕೂಡಲೇ ಸರ್ಜನ್ನಿನ ಕಿವಿ ನೆಟ್ಟಗಾಗುತ್ತದೆ.

ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಅಪೆಂಡಿಕ್ಸ್ ಊದಿತ್ತು. ಒಡೆದಿರಲಿಲ್ಲ. ಅದರೊಳಗೆ ಕಲ್ಲೂ ಇರಲಿಲ್ಲ. ಈ ಕಲ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಮರೆಯಬೇಡಿ. ಹೊಟ್ಟೆಯ ಸ್ಕ್ಯಾನಿನಲ್ಲಿ ಶ್ವಾಸಕೋಶದ ಕೆಳತುದಿಯೂ ಒಂದಿಷ್ಟು ಸೆರೆಯಾಗುತ್ತದೆ. ಸ್ಕ್ಯಾನ್ ನೋಡುತ್ತಿದ್ದ ವೈದ್ಯರು ಅಲ್ಲಿ ಬೆರಳು ತೋರಿಸಿದರು. ಕಪ್ಪಗೆ ಶುಭ್ರವಾಗಿ ಕಾಣಬೇಕಾದ ಜಾಗದಲ್ಲಿ ಅಲ್ಲಲ್ಲಿ ಮಸುಕು. ಮುಂಜಾನೆ ಬಸ್ಸಿನ ಕಿಟಕಿಯ ಗಾಜಿಗೆ ಇಬ್ಬನಿ ಕೂತಿರುತ್ತದಲ್ಲ, ಹಾಗೆ. ಹುಡುಗನಿಗೆ ಕೆಮ್ಮಿರಲಿಲ್ಲ. ಉಸಿರಾಟಕ್ಕೂ ತೊಂದರೆ ಇರಲಿಲ್ಲ. ಗಂಟಲ ದ್ರವದ ವರದಿ ಮಾರನೆಯ ಸಂಜೆ ಬಂತು. ಪಾಸಿಟಿವ್. ಆ ವರ್ಷ ಪ್ರಪಂಚದ ಎಷ್ಟೋ ಕಡೆ ಹೀಗಾಯಿತು. ಹೊಟ್ಟೆಯೊಳಗೆ ಹುಡುಕಲು ಹೋದವರಿಗೆ ಎದೆಯಲ್ಲಿ ಕೊರೋನಾ ಸಿಕ್ಕಿತು.

ಈಗ ನನ್ನ ಮುಂದೆ ಒಬ್ಬ ರೋಗಿ, ಎರಡು ಕಾಯಿಲೆ. ಒಂದಕ್ಕೆ ಚಾಕು ಬೇಕು ಎಂದು ಪಾಠ. ಇನ್ನೊಂದು ಚಾಕುವಿನ ಹತ್ತಿರ ಬರಬೇಡ ಎನ್ನುತ್ತಿದೆ. ಯಾಕೆ ಹಾಗೆ?

ಮೊದಲನೆಯದು ರೋಗಿಯ ಪ್ರಾಣದ ಪ್ರಶ್ನೆ. ಆ ಮೇ ತಿಂಗಳ ಕೊನೆಯಲ್ಲಷ್ಟೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಬಂದಿತ್ತು. 24 ದೇಶಗಳ 235 ಆಸ್ಪತ್ರೆಗಳ ಲೆಕ್ಕ. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕೊರೋನಾ ಇದ್ದ ಸುಮಾರು 1,100 ರೋಗಿಗಳನ್ನು ಅವರು ಗಮನಿಸಿದ್ದರು. ಅರ್ಧದಷ್ಟು ಜನಕ್ಕೆ ಶ್ವಾಸಕೋಶದ ತೊಂದರೆಯಾಯಿತು. ತಿಂಗಳೊಳಗೆ ನೂರಕ್ಕೆ ಇಪ್ಪತ್ತನಾಲ್ಕು ಮಂದಿ ತೀರಿಕೊಂಡರು. ಈ ಅಂಕಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಯೋಚಿಸಿದರೆ ನಾವು ಅದನ್ನು ಸ್ವಲ್ಪ ಅವಸರದಲ್ಲಿ ಓದಿದೆವು. ಅದರಲ್ಲಿ ವಯಸ್ಸಾದವರು ಬಹಳ ಇದ್ದರು. ಮೂಳೆ ಮುರಿದವರಿದ್ದರು, ಕ್ಯಾನ್ಸರ್ ಇದ್ದವರಿದ್ದರು. ಇಪ್ಪತ್ತಮೂರರ ಹುಡುಗನ ಅಪೆಂಡಿಕ್ಸಿಗೆ ಆ ಅಂಕಿಯನ್ನು ಹಾಗೆಹಾಗೇ ಅಂಟಿಸುವಂತಿರಲಿಲ್ಲ. ಆದರೆ ಆ ದಿನ ಕೈಯಲ್ಲಿದ್ದ ಲೆಕ್ಕ ಅದೊಂದೇ.

ಎರಡನೆಯದು ಥಿಯೇಟರಿನಲ್ಲಿರುವವರ ಪ್ರಶ್ನೆ. ಪೂರ್ತಿ ಅರಿವಳಿಕೆ ಕೊಡುವಾಗ ಗಂಟಲಿನೊಳಗೆ ಕೊಳವೆ ಇಳಿಸಬೇಕು. ಆಗ ರೋಗಿಯ ಉಸಿರಿನ ತುಂತುರು ಅರಿವಳಿಕೆ ತಜ್ಞರ ಮುಖದ ಹತ್ತಿರವೇ ಏಳುತ್ತದೆ. ಸಣ್ಣ ರಂಧ್ರ ಕೊರೆದು ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಅನಿಲ ತುಂಬುತ್ತೇವೆ. ಆ ಅನಿಲ ಹೊರಬರುವಾಗ ವೈರಸ್ಸನ್ನೂ ಹೊತ್ತು ತಂದರೆ ಎಂಬ ಭಯವಿತ್ತು. ಬ್ರಿಟನ್ನಿನ ಸರ್ಜನ್‌ಗಳ ಸಂಸ್ಥೆಗಳು 2020ರ ಮಾರ್ಚಿನಲ್ಲೇ ಎಚ್ಚರಿಕೆ ಕೊಟ್ಟಿದ್ದವು. ಅಪೆಂಡಿಕ್ಸನ್ನು ಆದಷ್ಟೂ ಔಷಧಿಯಿಂದ ನೋಡಿ, ಕೊಯ್ಯಲೇಬೇಕಾದರೆ ಲ್ಯಾಪರೊಸ್ಕೋಪಿ ಬಿಟ್ಟು ತೆರೆದೇ ಮಾಡಿ ಎಂಬ ಅರ್ಥದ ಸಲಹೆ ಅದು.

ಮೂರನೆಯದು ಹಾಸಿಗೆ, ಆಕ್ಸಿಜನ್, ಜನ. ಇದನ್ನು ವಿವರಿಸಬೇಕಿಲ್ಲ. ಆ ಎರಡು ವರ್ಷ ಬದುಕಿದವರಿಗೆಲ್ಲ ಗೊತ್ತು.

ರೋಗಿಯ ಶ್ವಾಸಕೋಶ, ಥಿಯೇಟರಿನವರ ಉಸಿರು, ಆಸ್ಪತ್ರೆಯ ಹಾಸಿಗೆ. ಈ ಮೂರೂ ‘ಕಾಯು’ ಎನ್ನುತ್ತಿದ್ದವು. ಹಾಗಾದರೆ ಕಾಯದೆ ಕೊಯ್ಯುವ ಪದ್ಧತಿ ಬಂದದ್ದು ಎಲ್ಲಿಂದ? ಅದಕ್ಕೂ ಬಲವಾದ ಕಾರಣವಿತ್ತು.

1886ರ ತನಕ ಈ ಕಾಯಿಲೆಗೆ ಸರಿಯಾದ ಹೆಸರೂ ಇರಲಿಲ್ಲ. ಬಲಹೊಟ್ಟೆಯ ಕೀವು ಎಂಬಂಥ ಹೆಸರಿಟ್ಟು, ಅಫೀಮು ಕೊಟ್ಟು ಮಲಗಿಸುತ್ತಿದ್ದರು. ಬಹಳ ಜನ ಸಾಯುತ್ತಿದ್ದರು. ಆ ವರ್ಷ ಬಾಸ್ಟನ್ನಿನ ವೈದ್ಯ ರೆಜಿನಾಲ್ಡ್ ಫಿಟ್ಸ್ ಅಪೆಂಡಿಸೈಟಿಸ್ ಎಂದು ಹೆಸರಿಟ್ಟರು. ಕೇಡಿನ ಮೂಲ ಆ ಪುಟ್ಟ ಕೊಳವೆ, ಬೇಗ ತೆಗೆದರೆ ಜೀವ ಉಳಿಯುತ್ತದೆ ಎಂದರು. ಮೂರು ವರ್ಷಕ್ಕೆ ಮೆಕ್‌ಬರ್ನಿ ಬಂದರು. ಅಲ್ಲಿಂದ ಸರ್ಜನ್ನರ ಕಾಲ ಶುರುವಾಯಿತು. ಪೆನಿಸಿಲಿನ್ ಜನರ ಕೈಗೆ ಬಂದದ್ದು 1940ರ ದಶಕದಲ್ಲಿ. ಅಂದರೆ ಔಷಧಿಗಿಂತ ಅರ್ಧ ಶತಮಾನ ಮೊದಲೇ ಚಾಕು ಗೆದ್ದಿತ್ತು. ಗೆದ್ದವರನ್ನು ಯಾರು ಪ್ರಶ್ನೆ ಕೇಳುತ್ತಾರೆ?

ಆದರೂ ಕಾಯುವ ವಿದ್ಯೆ ಪೂರ್ತಿ ಸತ್ತಿರಲಿಲ್ಲ. ಒಬ್ಬ ರಾಜನ ಕಥೆ ಹೇಳುತ್ತೇನೆ. 1902ರ ಜೂನ್ 26ಕ್ಕೆ ಲಂಡನ್ನಿನಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕ. ಎರಡೇ ದಿನ ಮುಂಚೆ ಹೊಟ್ಟೆಯಲ್ಲಿ ಕೀವು ಕಟ್ಟಿ ರಾಜ ಸಾಯುವ ಹಾಗಾದ. ಅರಮನೆಯಲ್ಲೇ ಮೇಜು ಹಾಕಿ ಫ್ರೆಡರಿಕ್ ಟ್ರೀವ್ಸ್ ಎಂಬ ಸರ್ಜನ್ ಹೊಟ್ಟೆ ಸೀಳಿದರು. ಕೀವು ಹೊರಗೆ ಬಿಟ್ಟರು. ಅಷ್ಟೇ. ಅಪೆಂಡಿಕ್ಸ್ ತೆಗೆಯಲು ಹೋಗಲಿಲ್ಲ. ರಾಜ ಎದ್ದು ಕೂತ. ಆಗಸ್ಟ್ 9ಕ್ಕೆ ಪಟ್ಟವೇರಿದ. ಅಲ್ಲಿಂದಾಚೆಗೆ ಊರೆಲ್ಲ ಅಪೆಂಡಿಕ್ಸ್ ಆಪರೇಷನ್ನಿನ ಮಾತೇ ಮಾತು. ರಾಜನ ಅಪೆಂಡಿಕ್ಸ್ ರಾಜನ ಹೊಟ್ಟೆಯಲ್ಲೇ ಉಳಿದದ್ದನ್ನು ಮಾತ್ರ ಜನ ಮರೆತರು.

ಇನ್ನೊಂದು, ನಮ್ಮ ಮೆಡಿಕಲ್ ಕಾಲೇಜುಗಳ ಹುಡುಗರೆಲ್ಲ ಉರುಹೊಡೆಯುವ ಪಾಠ. ಆಕ್ಸ್‌ನರ್–ಶೆರೆನ್ ಕ್ರಮ. ಶಿಕಾಗೋದ ಆಕ್ಸ್‌ನರ್, ಲಂಡನ್ನಿನ ಶೆರೆನ್, ಇಬ್ಬರೂ ನೂರು ವರ್ಷದ ಹಿಂದಿನ ಸರ್ಜನ್ನರು. ರೋಗಿ ನಾಲ್ಕೈದು ದಿನ ತಡಮಾಡಿ ಬಂದರೆ ಊದಿದ ಅಪೆಂಡಿಕ್ಸಿನ ಸುತ್ತ ಕರುಳು, ಕೊಬ್ಬಿನ ಪರದೆ ಎಲ್ಲ ಬಂದು ಅಂಟಿಕೊಂಡು ಗಡ್ಡೆಯಾಗಿರುತ್ತವೆ. ದೇಹವೇ ಬೇಲಿ ಹಾಕಿಕೊಂಡಿರುತ್ತದೆ. ಆ ಬೇಲಿ ಕಿತ್ತು ಒಳಗೆ ನುಗ್ಗಬೇಡಿ ಎನ್ನುತ್ತದೆ ಈ ಕ್ರಮ. ಬಾಯಿಗೆ ಏನೂ ಕೊಡಬೇಡಿ. ಡ್ರಿಪ್ ಹಾಕಿ, ಆ್ಯಂಟಿಬಯೋಟಿಕ್ ಕೊಡಿ. ಗಡ್ಡೆಯ ಅಂಚನ್ನು ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದು ಗುರುತಿಸಿ. ದಿನಾ ನೋಡಿ. ಗಡ್ಡೆ ಗೆರೆಯಿಂದ ಒಳಕ್ಕೆ ಸರಿದರೆ ಒಳ್ಳೆಯದು. ಗೆರೆ ದಾಟಿದರೆ ಥಿಯೇಟರ್. ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಉಪಕರಣವನ್ನು ನಾನು ಬೇರೆ ಕಂಡಿಲ್ಲ. ಒಂದು ಪೆನ್ನು!

ಬ್ರಿಟನ್ನಿನ ಎರಿಕ್ ಕೋಲ್ಡ್ರಿ ಎಂಬ ಸರ್ಜನ್ 1950ರ ದಶಕದಲ್ಲೇ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಸುಮಾರು 470 ರೋಗಿಗಳಿಗೆ ಕೊಯ್ಯದೆ ಆ್ಯಂಟಿಬಯೋಟಿಕ್ ಕೊಟ್ಟು ನೋಡಿಕೊಂಡರು. ಅವರಲ್ಲಿ ತೀರಿಕೊಂಡದ್ದು ಒಬ್ಬರು. ಕೋಲ್ಡ್ರಿಯವರ ಮಾತಿಗೆ ಆಗ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ.

ಸರ್ಜನ್ನೇ ಸಿಗದ ಜಾಗಗಳ ಕಥೆಗಳೂ ಇವೆ. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಲ್ಲಿ, ಸೀಡ್ರ್ಯಾಗನ್ ಎಂಬ ಅಮೆರಿಕದ ಜಲಾಂತರ್ಗಾಮಿಯಲ್ಲಿ ಒಬ್ಬ ನಾವಿಕನಿಗೆ ಅಪೆಂಡಿಕ್ಸ್ ಆಯಿತು. ವೈದ್ಯರಿಲ್ಲ. ಔಷಧಿ ನೋಡಿಕೊಳ್ಳುತ್ತಿದ್ದ ವೀಲರ್ ಲೈಪ್ಸ್ ಎಂಬ ಇಪ್ಪತ್ತೆರಡರ ಹುಡುಗ ಸಮುದ್ರದಡಿಯಲ್ಲಿ ಚಮಚಗಳನ್ನು ಬಗ್ಗಿಸಿಕೊಂಡು ಗಾಯ ಅಗಲಿಸಿ ಆಪರೇಷನ್ ಮಾಡಿದ. ನಾವಿಕ ಬದುಕಿದ. ಮನೆಮಾತಾದ ಕಥೆ ಅದು. ಆದರೆ ನೌಕಾಪಡೆಯ ವೈದ್ಯಾಧಿಕಾರಿಗಳಿಗೆ ಹೆಮ್ಮೆಗಿಂತ ಗಾಬರಿಯೇ ಹೆಚ್ಚಾಯಿತು. ಮುಂದೆ ಜಲಾಂತರ್ಗಾಮಿಗಳಲ್ಲಿ ಔಷಧಿ ಕೊಟ್ಟು ದಡ ಸೇರಿಸುವ ಪದ್ಧತಿ ಬಂತು. ಇದಕ್ಕೆ ತದ್ವಿರುದ್ಧ ಕಥೆಯೂ ಇದೆ. 1961ರಲ್ಲಿ ಅಂಟಾರ್ಕ್ಟಿಕದ ಸೋವಿಯತ್ ಶಿಬಿರದಲ್ಲಿ ಇದ್ದ ಒಬ್ಬನೇ ವೈದ್ಯ ಲಿಯೊನಿಡ್ ರೊಗೊಜೊವ್‌ಗೇ ಅಪೆಂಡಿಕ್ಸ್ ಆಯಿತು. ಅವರು ಮೊದಲು ಆ್ಯಂಟಿಬಯೋಟಿಕ್ ತೆಗೆದುಕೊಂಡು ಕಾದರು. ಜ್ವರ ಏರಿತು. ನೋವು ಹೆಚ್ಚಿತು. ಕಡೆಗೆ ತಾವೇ ತಮ್ಮ ಹೊಟ್ಟೆ ಕೊಯ್ದುಕೊಂಡು ತೆಗೆದರು. ಎರಡು ಗಂಟೆ ಹತ್ತಿರ ಹಿಡಿಯಿತಂತೆ. ಕಾದರೆ ಎಲ್ಲರಿಗೂ ವಾಸಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಷ್ಟು ಹಿಂದಿನ ಕಥೆ. ತಡವಾಗಿ ಬಂದವರ ವಿಷಯದಲ್ಲಿ ನಾವು ಮೊದಲೂ ಕಾಯುತ್ತಿದ್ದೆವು. ಬೇಗ ಬಂದವರನ್ನು ಕೊಯ್ಯುತ್ತಿದ್ದೆವು. ಕೊರೋನಾ ಬೇಗ ಬಂದವರನ್ನೂ ಕಾಯುವಂತೆ ಮಾಡಿತು. ಈಗ ಮತ್ತೆ ನಮ್ಮ ಹುಡುಗನ ಹತ್ತಿರ ಹೋಗೋಣ.

ಅವನನ್ನು ಕೋವಿಡ್ ವಾರ್ಡಿಗೆ ಸೇರಿಸಿದೆವು. ಪಿಪಿಇ ಕಿಟ್ ತೊಟ್ಟು ಒಳಗೆ ಹೋದರೆ ಎರಡು ನಿಮಿಷಕ್ಕೆ ಕನ್ನಡಕ ಮಂಜಾಗುತ್ತಿತ್ತು. ಎರಡು ಜೊತೆ ಗ್ಲೌಸು. ಆ ಗ್ಲೌಸಿನ ಬೆರಳಿಗೆ ಹೊಟ್ಟೆಯ ಬಿಗುವು ಸರಿಯಾಗಿ ತಿಳಿಯದು. ಕಿವಿಗೆ ಸ್ಟೆತಾಸ್ಕೋಪ್ ಇಡುವಂತಿಲ್ಲ. ಪಾಳಿ ಪಾಳಿಗೆ ವೈದ್ಯರು ಬದಲು. ಎಲ್ಲರೂ ಬಿಳಿ ಬಟ್ಟೆಯ ಬೊಂಬೆಗಳು. ಯಾರು ಯಾವ ಡಾಕ್ಟರೆಂದು ರೋಗಿಗೂ ಗೊತ್ತಿಲ್ಲ. ನಿನ್ನೆ ಒಬ್ಬರು ಒತ್ತಿದ ಜಾಗವನ್ನೇ ಇವತ್ತು ಇನ್ನೊಬ್ಬರು ಒತ್ತುತ್ತಾರೆಂಬ ಖಾತ್ರಿ ಏನು? ನನಗೆ ಆ ಹಳೆಯ ಪೆನ್ನು ನೆನಪಾಯಿತು. ಅವನ ಹೊಟ್ಟೆಯ ಬಲಭಾಗದಲ್ಲಿ ಮುಟ್ಟಿದರೆ ನೋಯುವ ಜಾಗದ ಸುತ್ತ ಒಂದು ಗೆರೆ ಎಳೆದೆ. ಅಂಗೈಯ ಅರ್ಧದಷ್ಟು ದೊಡ್ಡದು. ಅವನ ಎಡಗೈ ಮೇಲೆ ಕ್ವಾರಂಟೈನ್ ಮುದ್ರೆ ಇನ್ನೂ ಅಳಿಸಿರಲಿಲ್ಲ. ಅದನ್ನೂ ಇದನ್ನೂ ನೋಡಿ ಹುಡುಗ, ‘ಕೈಯಾಗೆ ಸರ್ಕಾರದ್ದು, ಹೊಟ್ಟೇಲಿ ನಿಮ್ಮುದಾ ಸಾ?’ ಎಂದ. ನಗುವಷ್ಟು ಚೈತನ್ಯವಿದೆ ಎಂದರೆ ಅಪೆಂಡಿಕ್ಸ್ ಒಡೆದಿಲ್ಲ ಎಂದೇ ಲೆಕ್ಕ. ಇದು ಪುಸ್ತಕದಲ್ಲಿಲ್ಲ.

ಚಿಕಿತ್ಸೆ ಸರಳ. ಎರಡು ಬಗೆಯ ಆ್ಯಂಟಿಬಯೋಟಿಕ್, ನರದ ಮೂಲಕ. ಡ್ರಿಪ್. ಮೊದಲ ದಿನ ಬಾಯಿಗೆ ಏನೂ ಇಲ್ಲ. ಇಲ್ಲಿ ಒಂದು ಮಾತು. ಆ್ಯಂಟಿಬಯೋಟಿಕ್ ಕೊರೋನಾಕ್ಕೆ ಔಷಧಿಯಲ್ಲ. ವೈರಸ್ಸಿಗೆ ಅದು ನಾಟುವುದಿಲ್ಲ. ಅಪೆಂಡಿಕ್ಸಿನಲ್ಲಿ ಬೆಳೆದು ಕೀವು ಮಾಡುವುದು ಬ್ಯಾಕ್ಟೀರಿಯಾ, ಔಷಧಿ ಅದಕ್ಕೆ. ಒಂದೇ ದೇಹದಲ್ಲಿ ಎದೆಯ ಶತ್ರು ಬೇರೆ, ಹೊಟ್ಟೆಯ ಶತ್ರು ಬೇರೆ.

ಔಷಧಿ ಸರಳ ಎಂದೆ. ಕಾಯುವುದು ಸರಳವಲ್ಲ. ಆಪರೇಷನ್ ಮಾಡಿಬಿಟ್ಟರೆ ಮುಕ್ಕಾಲು ಗಂಟೆ ಕೆಲಸ, ಆಮೇಲೆ ಸರ್ಜನ್ ಮನೆಗೆ ಹೋಗಿ ಊಟ ಮಾಡಬಹುದು. ಕಾಯಲು ಕೂತರೆ ಆರು ಗಂಟೆಗೊಮ್ಮೆ ನಾಡಿ, ಜ್ವರ, ನೋವು. ನಾಡಿ ಏರುತ್ತಿದೆಯೆ? ನೋವು ಗೆರೆಯಾಚೆ ಹಬ್ಬಿತೆ? ಹೊಟ್ಟೆ ಹಲಗೆಯಂತಾಯಿತೆ? ಇದರಲ್ಲಿ ಒಂದು ಹೌದಾದರೂ ಕೊರೋನಾ ಇರಲಿ ಬಿಡಲಿ, ಕೊಯ್ಯಲೇಬೇಕು. ಅದಕ್ಕಾಗಿ ಒಂದು ಥಿಯೇಟರನ್ನು ಬೇರೆಯೇ ಇಟ್ಟಿದ್ದೆವು. ಬೆನ್ನಿಗೆ ಅರಿವಳಿಕೆ ಕೊಟ್ಟು, ಗಂಟಲಿಗೆ ಕೊಳವೆ ಇಳಿಸದೆ, ತೆರೆದ ಆಪರೇಷನ್ ಮಾಡುವುದೆಂದು ಅರಿವಳಿಕೆ ತಜ್ಞೆಯೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು.

ವಾರ್ಡಿಗೆ ಪದೇಪದೇ ಹೋಗುವಂತಿರಲಿಲ್ಲ. ಅದಕ್ಕೆ ಫೋನ್. ಹುಡುಗನ ಹತ್ತಿರ ಫೋನಿತ್ತು. ರಾತ್ರಿ ಹತ್ತಕ್ಕೆ, ಬೆಳಗಿನ ಆರಕ್ಕೆ ನಾನು ಫೋನ್ ಮಾಡಿ ‘ಒಂದು ಸಲ ಕೆಮ್ಮಪ್ಪಾ’ ಎನ್ನುತ್ತಿದ್ದೆ. ಅಪೆಂಡಿಕ್ಸ್ ಊದಿದ್ದರೆ ಕೆಮ್ಮಿದಾಗ ಆ ಜಾಗಕ್ಕೆ ಚುಚ್ಚಿದಂತಾಗುತ್ತದೆ. ಕೆಮ್ಮಿನ ಸದ್ದು ಕೇಳಿದರೆ ಬೀದಿಯೇ ಖಾಲಿಯಾಗುತ್ತಿದ್ದ ಕಾಲ ಅದು. ಊರಿನಲ್ಲಿ ಕೊರೋನಾ ರೋಗಿಯನ್ನು ಕೆಮ್ಮು ಎಂದು ಬೇಡುತ್ತಿದ್ದವನು ನಾನೊಬ್ಬನೇ ಇರಬೇಕು. ಆಮೇಲೆ ‘ಮಂಚದ ಪಕ್ಕ ನಿಂತು ಕುಂಟೆಬಿಲ್ಲೆ ಆಡೋ ಹಾಗೆ ಒಂದು ಕುಪ್ಪಳಿಸು’ ಎನ್ನುತ್ತಿದ್ದೆ. ಮೊದಲ ದಿನ ಕುಪ್ಪಳಿಸಲಾಗಲಿಲ್ಲ. ಎರಡನೆಯ ದಿನ ಕುಪ್ಪಳಿಸಿ ‘ಅಯ್ಯಪ್ಪಾ’ ಎಂದ. ಮೂರನೆಯ ಬೆಳಿಗ್ಗೆ ಕುಪ್ಪಳಿಸಿ, ‘ಸಾ, ಇಡ್ಲಿ ಕೊಡಿಸ್ತೀರಾ?’ ಎಂದ. ಹಸಿವು ಮರಳಿತು. ಅಪೆಂಡಿಕ್ಸ್ ಬರುವಾಗ ಮೊದಲು ಹೋಗುವುದೂ ಹಸಿವೇ.

ಅವನ ತಾಯಿ ಊರಿನಲ್ಲಿ. ಬರುವಂತಿಲ್ಲ. ದಿನಕ್ಕೆ ಮೂರು ಸಲ ನನಗೆ ಫೋನ್. ‘ಒಡೆದೋಯ್ತದಂತಲ್ಲ ಸಾ, ನಮ್ಮೂರಾಗೆ ಒಬ್ಬರಿಗೆ ಹಂಗೇ ಆಗಿತ್ತು. ಕುಯ್ದಾಕ್ಬುಡಿ.’ ನಾನು ಸಮಾಧಾನ ಹೇಳುತ್ತಿದ್ದೆ. ಆ ತಾಯಿಯ ಭಯ ನನ್ನ ಒಳಗೂ ಇತ್ತು. ಅದನ್ನು ಮಾತ್ರ ಹೇಳಲಿಲ್ಲ.

ಮೂರು ದಿನ ನರದ ಮೂಲಕ, ಆಮೇಲೆ ಮಾತ್ರೆ. ಒಟ್ಟು ಹತ್ತು ದಿನ. ಕೊರೋನಾವೂ ಹಗುರವಾಗಿಯೇ ಬಂದು ಹೋಯಿತು. ಹುಡುಗ ಮನೆಗೆ ಹೋದ.

ಒಬ್ಬ ಹುಡುಗನಿಗೆ ವಾಸಿಯಾಯಿತು ಎಂದಮಾತ್ರಕ್ಕೆ ಪದ್ಧತಿಯಾಗುವುದಿಲ್ಲ. ಒಬ್ಬರ ಕಥೆ ಕಥೆಯೇ. ಲೆಕ್ಕ ಏನು ಹೇಳುತ್ತದೆ?

ಕೊರೋನಾಕ್ಕೆ ಮೊದಲೇ ಫಿನ್ಲೆಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. ಪೌಲೀನಾ ಸಾಲ್ಮಿನೆನ್ ಎಂಬ ಸರ್ಜನ್ ಮುಂದಾಳು. ಸುಮಾರು 530 ರೋಗಿಗಳು. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಆಪರೇಷನ್, ಅರ್ಧ ಜನಕ್ಕೆ ಔಷಧಿ. 2015ರಲ್ಲಿ ಮೊದಲ ಫಲಿತಾಂಶ ಬಂತು. ಔಷಧಿಯವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಇಪ್ಪತ್ತೇಳು ಮಂದಿ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಐದು ವರ್ಷದ ಹೊತ್ತಿಗೆ ಅದು ಹತ್ತಿರ ಹತ್ತಿರ ನಲವತ್ತಾಯಿತು. ಉಳಿದ ಅರವತ್ತು ಮಂದಿಗೆ ಚಾಕು ತಾಗಲಿಲ್ಲ.

ಅಮೆರಿಕದಲ್ಲೂ ಇಂಥದೇ ಪರೀಕ್ಷೆ. ಇನ್ನೂ ದೊಡ್ಡದು. 25 ಆಸ್ಪತ್ರೆ, ಸುಮಾರು 1,550 ರೋಗಿಗಳು. ಕೊರೋನಾ ಅಲ್ಲಿ ಹರಡುವ ಹೊತ್ತಿಗೆ ರೋಗಿಗಳ ಸೇರ್ಪಡೆ ಮುಗಿದಿತ್ತು. ಎಲ್ಲರಿಗೂ ಉತ್ತರ ಬೇಕಾಗಿದ್ದ ಕಾಲ. 2020ರ ಅಕ್ಟೋಬರಿನಲ್ಲಿ ಫಲಿತಾಂಶ ಹೊರಗೆ ಬಂತು. ಔಷಧಿ ತೆಗೆದುಕೊಂಡವರಲ್ಲಿ ಮೂರು ತಿಂಗಳಲ್ಲಿ ಹತ್ತಕ್ಕೆ ಮೂರು ಮಂದಿಗೆ ಆಪರೇಷನ್ ಆಯಿತು. ಕಲ್ಲಿನ ವಿಷಯ ಮರೆಯಬೇಡಿ ಎಂದಿದ್ದೆ. ಅಪೆಂಡಿಕ್ಸಿನ ಬಾಯಿಯಲ್ಲಿ ಕೆಲವರಿಗೆ ಗಟ್ಟಿಯಾದ ಮಲದ ಹರಳು ಸಿಕ್ಕಿಕೊಂಡಿರುತ್ತದೆ. ಅಂಥವರಲ್ಲಿ ಹತ್ತಕ್ಕೆ ನಾಲ್ಕು ಮಂದಿಗೆ ಆಪರೇಷನ್ ಬೇಕಾಯಿತು. ತೊಡಕುಗಳೂ ಅವರಲ್ಲೇ ಹೆಚ್ಚು. ಬಾಗಿಲಿಗೆ ಬಿರಡೆ ಹಾಕಿಬಿಟ್ಟರೆ ಔಷಧಿ ಏನು ತಾನೆ ಮಾಡೀತು? ಫಿನ್ಲೆಂಡಿನವರು ಕಲ್ಲಿದ್ದವರನ್ನು ಮೊದಲೇ ಹೊರಗಿಟ್ಟಿದ್ದರು. ಅದಕ್ಕೇ ಅವರ ಅಂಕಿ ಚೆಂದ ಕಾಣುತ್ತದೆ.

ಕೊರೋನಾದ ಮೊದಲ ಅಲೆಯಲ್ಲಿ ಬ್ರಿಟನ್ನಿನಲ್ಲಿ 500 ಅಪೆಂಡಿಕ್ಸ್ ರೋಗಿಗಳ ಲೆಕ್ಕ ತೆಗೆದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಮೊದಲು ಔಷಧಿಯನ್ನೇ ಕೊಟ್ಟಿದ್ದರು. ಅಪೆಂಡಿಕ್ಸ್ ಎಂದರೆ ಆಪರೇಷನ್ ಎನ್ನುತ್ತಿದ್ದ ದೇಶದಲ್ಲಿ ಕೆಲವೇ ವಾರದಲ್ಲಿ ಆದ ಬದಲಾವಣೆ ಇದು. ನೂರು ವರ್ಷ ಪುಸ್ತಕಗಳು ಅಲುಗಿಸಲಾಗದ್ದನ್ನು ಒಂದು ವೈರಸ್ ಅಲುಗಿಸಿತು.

ಲೆಕ್ಕದ ಸಾರ ನಿಮ್ಮ ಕೈಯಲ್ಲಿದೆ. ಕಲ್ಲಿಲ್ಲದ, ಒಡೆಯದ ಅಪೆಂಡಿಕ್ಸಿಗೆ ಔಷಧಿ ಸಾಕಾಗಬಹುದು. ಸಾಕಾಗದೆಯೂ ಇರಬಹುದು. ಒಡೆದಿದ್ದರೆ, ಹೊಟ್ಟೆ ತುಂಬ ಕೀವು ಹರಡಿದ್ದರೆ ಕಾಯುವ ಮಾತೇ ಇಲ್ಲ. ಬಸುರಿಯರ ವಿಷಯ ಬೇರೆ. ನಲವತ್ತು ದಾಟಿದವರಿಗೆ ಔಷಧಿಯಿಂದ ವಾಸಿಯಾದರೂ ಆಮೇಲೊಮ್ಮೆ ಕರುಳಿನ ಪರೀಕ್ಷೆ ಆಗಬೇಕು. ಅಪರೂಪಕ್ಕೆ ಅಲ್ಲಿ ಗಂತಿ ಅಡಗಿರುತ್ತದೆ.

ಈಗ ಒಂದು ತೊಡಕು. ವೈರಸ್ ಇದ್ದಾಗ ಇದು ಅಪೆಂಡಿಕ್ಸೇ ಹೌದೆ ಎಂಬ ಪ್ರಶ್ನೆಯೂ ಏಳುತ್ತದೆ. ದಡಾರದಲ್ಲಿ ಇದು ಹಳೆಯ ಅನುಭವ. ಮೈಮೇಲೆ ದದ್ದು ಏಳುವ ಮೊದಲೇ ಮಗುವಿಗೆ ಹೊಟ್ಟೆನೋವು, ಜ್ವರ ಬರುತ್ತದೆ. ಅಪೆಂಡಿಕ್ಸೆಂದು ಕೊಯ್ದು ತೆಗೆದಾದ ಮೇಲೆ ಎರಡು ದಿನಕ್ಕೆ ಮೈತುಂಬ ದಡಾರ ಏಳುತ್ತದೆ. ತೆಗೆದ ಅಪೆಂಡಿಕ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಡಾರದ ದೈತ್ಯ ಜೀವಕೋಶಗಳು ಕಾಣುತ್ತವೆ. ಬೇರೆ ವೈರಸ್‌ಗಳೂ ಕರುಳಿನ ಪಕ್ಕದ ಗ್ರಂಥಿಗಳನ್ನು ಊದಿಸಿ ಅದೇ ಜಾಗದಲ್ಲಿ ನೋವು ತರುತ್ತವೆ. ಕೊರೋನಾ ಬಂದು ಹೋದ ಕೆಲವು ವಾರಕ್ಕೆ ಕೆಲವು ಮಕ್ಕಳಲ್ಲಿ ಮೈಯೆಲ್ಲ ಉರಿಯೂತವಾಗುವ ಒಂದು ಕಾಯಿಲೆ ಕಂಡಿತು. ಅದು ಎಷ್ಟೋ ಸಲ ಅಪೆಂಡಿಕ್ಸಿನ ವೇಷದಲ್ಲಿ ಬಂದಿತು. ಹಾಗಾಗಿ ವೈರಸ್ ಇರುವ ರೋಗಿಯಲ್ಲಿ ಸ್ಕ್ಯಾನ್ ಮಾಡದೆ ಔಷಧಿ ಕೊಟ್ಟು ಕಾಯುವುದೂ ತಪ್ಪು, ಕೊಯ್ಯುವುದೂ ತಪ್ಪು.

ಇಷ್ಟೂ ವೈದ್ಯರ ಕಡೆಯ ಮಾತಾಯಿತು. ಕಾಯುವುದು ಆಸ್ಪತ್ರೆಯಲ್ಲಿ, ಮನೆಯಲ್ಲಲ್ಲ ಎಂಬುದನ್ನು ನಿಮಗೆ ಹೇಳದೆ ಹೋದರೆ ಈ ಭಾಷಣದಿಂದ ಕೇಡೇ ಹೆಚ್ಚಾದೀತು. ನಮ್ಮಲ್ಲಿ ಹೊಟ್ಟೆನೋವೆಂದರೆ ಮೊದಲು ಗ್ಯಾಸ್ಟ್ರಿಕ್. ಒಂದು ಸೋಡಾ, ಒಂದು ಜೀರಿಗೆ ಕಷಾಯ. ಅದರಿಂದ ಅಷ್ಟೇನೂ ಹಾನಿಯಿಲ್ಲ. ಆಮೇಲೆ ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸುವುದು. ಊದಿದ ಅಪೆಂಡಿಕ್ಸನ್ನು ತಿಕ್ಕಬಾರದು. ಇನ್ನು ಹರಳೆಣ್ಣೆ. ಭೇದಿ ಮಾಡಿಸಿದರೆ ಸರಿಹೋಗುತ್ತದೆಂಬ ನಂಬಿಕೆ. ಅಪೆಂಡಿಕ್ಸಿಗೆ ಹರಳೆಣ್ಣೆ ಎಂದರೆ ಬಿರುಕು ಬಿಟ್ಟ ಕೆರೆ ಏರಿಗೆ ಮಳೆ. ಇದೆಲ್ಲದಕ್ಕಿಂತ ನನಗೆ ಭಯ ಹುಟ್ಟಿಸುವುದು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಮತ್ತು ಎರಡು ದಿನದ ಆ್ಯಂಟಿಬಯೋಟಿಕ್. ನೋವು ಅಡಗುತ್ತದೆ, ಕಾಯಿಲೆ ಅಡಗುವುದಿಲ್ಲ. ಕೊರೋನಾ ಕಾಲದಲ್ಲಿ ಆಸ್ಪತ್ರೆಗೆ ಹೋದರೆ ಸೋಂಕು ತಗಲುತ್ತದೆಂದು ಮನೆಯಲ್ಲೇ ಕೂತು, ಅಪೆಂಡಿಕ್ಸ್ ಒಡೆದ ಮೇಲೆ ಬಂದವರು ಬಹಳ. ಅವರು ಕಾದದ್ದೂ ಕಾಯುವುದೇ, ನಾವು ಕಾದದ್ದೂ ಕಾಯುವುದೇ. ಆದರೆ ಅವರ ಹೊಟ್ಟೆಯ ಮೇಲೆ ಗೆರೆ ಎಳೆದವರಿರಲಿಲ್ಲ.

ಹೊಕ್ಕುಳ ಸುತ್ತ ಶುರುವಾಗಿ ಬಲಕ್ಕೆ ಇಳಿದ ನೋವು, ಹೋದ ಹಸಿವು, ಸಣ್ಣ ಜ್ವರ. ಈ ಮೂರು ಕೂಡಿಬಂದರೆ ನೆಗಡಿ, ಕೆಮ್ಮು ಏನೇ ಇರಲಿ, ಅದೇ ದಿನ ಆಸ್ಪತ್ರೆಗೆ ಬನ್ನಿ. ನೆಗಡಿ ಕೆಮ್ಮು ಇದೆ ಎಂಬುದನ್ನು ಬಾಗಿಲಲ್ಲೇ ಹೇಳಿ. ಮುಚ್ಚಿಡಬೇಡಿ. ಅದನ್ನು ತಿಳಿದುಕೊಂಡೇ ನಾವು ಕೊಯ್ಯುವುದನ್ನೋ ಕಾಯುವುದನ್ನೋ ಗೊತ್ತು ಮಾಡುವುದು.

ಆ ಹುಡುಗನ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಐದು ವರ್ಷದೊಳಗೆ ನೂರಕ್ಕೆ ನಲವತ್ತು ಮಂದಿಗೆ ಆಪರೇಷನ್ ಬೇಕಾಯಿತು ಎಂದೆನಲ್ಲ. ಅವನು ಆ ನಲವತ್ತರವನು. 2021ರ ನವೆಂಬರಿನಲ್ಲಿ, ಎರಡನೆಯ ಅಲೆಯೂ ಇಳಿದ ಮೇಲೆ, ಅದೇ ನೋವಿನೊಂದಿಗೆ ಬಂದ. ಈ ಸಲ ಎಂಟೇ ಗಂಟೆಯೊಳಗೆ. ನೋವು ಬಲಕ್ಕೆ ಇಳಿಯುವವರೆಗೂ ಕಾದಿರಲಿಲ್ಲ. ಎರಡು ಲಸಿಕೆಯಾಗಿತ್ತು. ಗಂಟಲ ದ್ರವ ನೆಗೆಟಿವ್. ಎದೆ ಶುಭ್ರ. ಥಿಯೇಟರಿನಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು, ಮಾಸ್ಕಿನ ಮೇಲಿನಷ್ಟು. ಆಪರೇಷನ್ ಮಾಡುವುದೆಂದು ಗೊತ್ತುಮಾಡಿದೆವು.

ತಾಯಿಯೂ ಬಂದಿದ್ದರು. ಫೋನಿನ ದನಿಯನ್ನು ಅವತ್ತು ಮೊದಲ ಸಲ ಎದುರಿಗೆ ಕಂಡೆ. ‘ಆವತ್ತೇ ಕುಯ್ದಿದ್ರೆ ಒಂದೇ ಸಲಕ್ಕೆ ಮುಗ್ದೋಗ್ತಿತ್ತಲ್ವಾ ಸಾ?’ ಎಂದು ಕೇಳಿದರು.

‘ಮುಗೀತಿತ್ತೇನೋ ತಾಯಿ. ಆವತ್ತು ಏನು ಮುಗೀತಿತ್ತು ಅಂತ ಹೇಳೋ ಧೈರ್ಯ ನನಗೆ ಇರಲಿಲ್ಲ’ ಎಂದೆ.

ಅವರು ಸುಮ್ಮನಾದರು. ಹುಡುಗ ಮಂಚದ ಮೇಲೆ ಮಲಗಿ ಶರಟು ಎತ್ತಿದ. ‘ಈ ಸಲ ಗೆರೆ ಇಲ್ವಾ ಸಾ?’ ಎಂದ. ಇದೆ ಎಂದೆ. ಆಪರೇಷನ್ನಿಗೆ ಮುಂಚೆ ಕೊಯ್ಯುವ ಕಡೆಗೆ ಗುರುತು ಹಾಕುವುದು ನಿಯಮ. ಜೇಬಿನಿಂದ ಪೆನ್ನು ತೆಗೆದೆ.